ಹಸುವಿನ ಪಾಲಿನ ಚಟ್ನಿ

ನಮ್ಮತ್ತೆಯ ಮೇಲೆ ಮೊದಲು ಅನುಮಾನಪಟ್ಟದ್ದು ಒಂದು ಹಸು. ಆಮೇಲೆ ಆ ಹಸುವಿನ ಒಡತಿ, ಅವಳಿಂದ ಪಕ್ಕದ ಮನೆಯವರು, ಅವರಿಂದ ಇಡೀ ಬೀದಿ.

ಎಪ್ಪತ್ತರ ದಶಕದ ರಾಜಾಜಿನಗರ. ನಾನು ಮದುವೆಯಾಗಿ ಬಂದ ಹೊಸತು. ಇಸವಿ ಹೇಳಲು ಹೋದರೆ ನನಗೂ ನನ್ನ ಗಂಡನಿಗೂ ಈಗಲೂ ಜಗಳವಾಗುತ್ತದೆ, ಆದ್ದರಿಂದ ಬಿಡುತ್ತೇನೆ. ಮನೆಯಲ್ಲಿದ್ದವರು ಅತ್ತೆ, ಗಂಡ, ನಾನು. ಗಂಡ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸಿಗೆ ಓಡಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಲ್ಲಿಯವರೆಗೆ ಮನೆಯಲ್ಲಿ ಅತ್ತೆ, ಸೊಸೆ, ಒಂದು ಒರಳುಕಲ್ಲು. ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದುದರಿಂದ, ಯಾರ ಮನೆಯಲ್ಲಿ ಒಗ್ಗರಣೆ ಬಿದ್ದರೂ ಅದರ ವಾಸನೆ ಅಡ್ಡಿಯಿಲ್ಲದೆ ಮೂಲೆಯವರೆಗೆ ಹೋಗುತ್ತಿತ್ತು.

ಹಾಲು ಕುರುಬರಹಳ್ಳಿಯಿಂದ ಬರುತ್ತಿತ್ತು, ನಡೆದುಕೊಂಡು. ಅಂದರೆ ಹಾಲಿನಮ್ಮ ಹಸುವನ್ನೇ ಹೊಡೆದುಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿ, ನೀರು ಬೆರೆಸಿಲ್ಲವೆಂದು ನಂಬುವಂತೆ ನಮ್ಮ ಕಣ್ಣೆದುರಿಗೇ ಕರೆದುಕೊಡುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಪ್ರತಿ ಮನೆಯವರೂ ಹಸುವಿನ ಮುಂದೆ ಒಂದು ಬಕೆಟ್ ಕಲಗಚ್ಚು ಇಡಬೇಕು. ಅಕ್ಕಿ ತೊಳೆದ ನೀರು, ಅದರಲ್ಲಿ ಆ ದಿನದ ತರಕಾರಿಯ ಸಿಪ್ಪೆ, ತೊಟ್ಟು, ನಾರು. ಹಸು ಅದನ್ನು ಮೆಲ್ಲುತ್ತ ಸುಮ್ಮನೆ ನಿಂತಷ್ಟು ಹೊತ್ತು ಹಾಲು. ಬಕೆಟ್ ಗೇಟಿನ ಹೊರಗೆ ಇರುತ್ತಿದ್ದುದರಿಂದ ಹಸುವಿನ ಜೊತೆಗೆ ಬೀದಿಯೂ ಅದರೊಳಗೆ ಇಣುಕುತ್ತಿತ್ತು. ಬದನೆಯ ತೊಟ್ಟು ತೇಲುತ್ತಿದ್ದರೆ ಆ ಮನೆಯಲ್ಲಿ ವಾಂಗಿಬಾತು. ಬಟಾಣಿ ಸಿಪ್ಪೆ ರಾಶಿ ಬಿದ್ದಿದ್ದರೆ ನೆಂಟರು. ಬರೀ ಆಲೂಗಡ್ಡೆ ಸಿಪ್ಪೆಯಾದರೆ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ.

ನಮ್ಮ ಬಕೆಟ್ಟಿನಲ್ಲಿ ಅಕ್ಕಿ ತೊಳೆದ ನೀರು ಮಾತ್ರ. ತಳ ಕಾಣುವಂಥದ್ದು.

ಯಾಕೆಂದರೆ ಉಳಿದದ್ದನ್ನೆಲ್ಲ ನಾವೇ ತಿಂದಿರುತ್ತಿದ್ದೆವು. ಹೀರೇಕಾಯಿಯ ಸಿಪ್ಪೆಯನ್ನು ಅತ್ತೆ ಎಣ್ಣೆಯಲ್ಲಿ ಬಾಡಿಸಿ, ಒಣಮೆಣಸಿನಕಾಯಿ, ಉದ್ದಿನಬೇಳೆ, ಹುಣಸೆಹಣ್ಣು ಹಾಕಿ ರುಬ್ಬಿ ಚಟ್ನಿ ಮಾಡುತ್ತಿದ್ದರು. ಬಾಳೆಕಾಯಿಯ ಸಿಪ್ಪೆ ಸಣ್ಣಗೆ ಹೆಚ್ಚಿ ಬೇಯಿಸಿದರೆ ಪಲ್ಯ. ನವಿಲುಕೋಸಿನ ಎಲೆ ಹುಳಿಗೆ. ಕಿತ್ತಳೆ ಸಿಪ್ಪೆ ಬೆಲ್ಲದೊಂದಿಗೆ ಗೊಜ್ಜಿಗೆ. ಸಿಹಿಗುಂಬಳದ ಬೀಜ ಬಿಸಿಲಿಗೆ, ಅಲ್ಲಿಂದ ಬಾಣಲೆಗೆ. ಕಲ್ಲಂಗಡಿಯ ಕೆಂಪನ್ನು ತಿಂದು ಮುಗಿಸಿ ಕೈ ತೊಳೆಯಲು ಎದ್ದರೆ, ಉಳಿದ ಬಿಳಿಯ ಭಾಗವನ್ನು ಅವರು ಆಗಲೇ ತುರಿದು ನೆನೆಸಿದ ಅಕ್ಕಿಯ ಪಕ್ಕದಲ್ಲಿ ಇಟ್ಟಿರುತ್ತಿದ್ದರು. ಮಾರನೆಯ ಬೆಳಿಗ್ಗೆ ದೋಸೆ.

ನನ್ನ ತವರಿನಲ್ಲಿ ಸಿಪ್ಪೆ ಎಂದರೆ ಸಿಪ್ಪೆ. ಬಂದ ಮೊದಲ ವಾರ ಹೀರೇಕಾಯಿ ಹೆರೆದು ಸಿಪ್ಪೆಯನ್ನು ಮೊರದಲ್ಲಿ ಎತ್ತಿಕೊಂಡು ಹಿತ್ತಿಲಿಗೆ ಹೊರಟಾಗ ಅತ್ತೆ ಹಿಂದಿನಿಂದ ಕೇಳಿದರು: "ಅದನ್ನ ಎಲ್ಲಿಗೆ ಕಳಿಸ್ತಾ ಇದ್ದೀಯೇ?"

ಯಾವುದೋ ಮಗುವನ್ನು ಹಾಸ್ಟೆಲಿಗೆ ಕಳಿಸುತ್ತಿದ್ದೇನೆ ಎನ್ನುವ ಧ್ವನಿ.

"ಸಿಪ್ಪೆ ಅತ್ತೆ. ಬಿಸಾಡೋಕೆ."

"ರುಚಿ ಇರೋದೇ ಅದರಲ್ಲಿ ಕಣೇ. ಒಳಗಡೆ ಬರೀ ನೀರು. ನೀರು ಬೇಕಾದ್ರೆ ನಲ್ಲೀಲೇ ಬರುತ್ತೆ."

ಕಷ್ಟಕ್ಕಾಗಿ ಹೀಗೆ ಮಾಡುತ್ತಿದ್ದರೆಂದು ತಿಳಿಯಬಾರದು. ಗಂಡನ ಸಂಬಳ ಬರುತ್ತಿತ್ತು, ತರಕಾರಿ ಗಾಡಿ ಬಾಗಿಲಿಗೇ ಬರುತ್ತಿತ್ತು. ಅತ್ತೆಗೆ ಅದು ಚಪಲ. ಇನ್ನೊಬ್ಬರ ಕಣ್ಣಿಗೆ ಕಸವಾದದ್ದನ್ನು ರುಚಿ ಮಾಡಿ ಬಡಿಸುವುದರಲ್ಲಿ ಒಂಥರಾ ಕಳ್ಳಸಂತೋಷ. ಇಲ್ಲಿ ನೆನಪಿಗೂ ಸಿಪ್ಪೆಗೂ ಹೋಲಿಕೆ ಕೊಟ್ಟು ಒಂದು ಪ್ಯಾರಾ ಬರೆಯುವ ಆಸೆ ನನಗೂ ಬರುತ್ತದೆ. ಬರೆಯುವುದಿಲ್ಲ. ಗೇಟಿನಲ್ಲಿ ಹಸು ಕಾಯುತ್ತಿದೆ.

ಹಸು ಬಕೆಟ್ಟಿಗೆ ಮೂತಿ ಹಾಕುತ್ತಿತ್ತು. ನೀರು ಹೀರುತ್ತಿತ್ತು. ತಳದಲ್ಲಿ ನಾಲಿಗೆಯಾಡಿಸಿ ಏನೂ ಸಿಕ್ಕದೆ ತಲೆಯೆತ್ತಿ ಅತ್ತೆಯ ಮುಖ ನೋಡುತ್ತಿತ್ತು. ನಾನು ಕಥೆಗೆ ಬಣ್ಣ ಹಚ್ಚುತ್ತಿದ್ದೇನೆ ಎನ್ನುವವರು ಹಸಿದ ಹಸುವಿನ ಮುಂದೆ ಖಾಲಿ ಬಕೆಟ್ ಇಟ್ಟು ನೋಡಬೇಕು.

"ಅಮ್ಮಾವ್ರೆ," ಹಾಲಿನಮ್ಮ ಒಂದು ದಿನ ಕೇಳಿಯೇಬಿಟ್ಟಳು, "ಇವತ್ತು ಒಲೆ ಹಚ್ಚಿಲ್ವಾ?"

"ಯಾಕೆ? ಹುಳಿ, ಪಲ್ಯ, ಚಟ್ನಿ ಎಲ್ಲಾ ಆಗಿದೆ."

"ಆಗೈತೆ ಅಂತೀರಿ. ಬಕೀಟಲ್ಲಿ ಏನೂ ಕಾಣೆ."

"ಎಲ್ಲಾ ಖರ್ಚಾಯ್ತಮ್ಮ."

ಹಾಲಿನಮ್ಮ ಬಕೆಟ್ ನೋಡಿದಳು. ಆಮೇಲೆ ಅತ್ತೆಯ ಹಿಂದೆ ಚೊಂಬು ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ನಾನು ಆಗ ತಂತಿಯ ಮೇಲೆ ಒಣಹಾಕಿದ ಸೀರೆಯಂತಿದ್ದೆ. ಹುಟ್ಟಿದಾಗಿನಿಂದ ಹಾಗೇ ಇದ್ದೆ, ಆದರೆ ಅದು ಬೀದಿಗೆ ಗೊತ್ತಿರಲಿಲ್ಲ. ಸಿಪ್ಪೆ ಇಲ್ಲವೆಂದರೆ ತರಕಾರಿ ಇಲ್ಲ. ತರಕಾರಿ ಇಲ್ಲವೆಂದರೆ ಅಡಿಗೆ ಇಲ್ಲ. ಅತ್ತೆ ದುಂಡಗಿದ್ದಾರೆ, ಸೊಸೆ ಕಡ್ಡಿಯಾಗಿದ್ದಾಳೆ. ಹಾಲಿನಮ್ಮ ಲೆಕ್ಕ ಹಾಕಿಕೊಂಡು ಪಕ್ಕದ ಗೇಟಿಗೆ ಹಸು ತಿರುಗಿಸಿದಳು.

ಪಕ್ಕದ ಮನೆಯವರು ಎಂದರೆ ಬೀದಿಯ ಹೆಂಗಸರಿಗೆಲ್ಲ ಹಿರಿಯರು. ಪ್ರತಿ ಶುಕ್ರವಾರ ಒಂದೊಂದು ಮನೆಯಲ್ಲಿ ನಡೆಯುತ್ತಿದ್ದ ಭಜನೆ ಅವರ ಉಸ್ತುವಾರಿ. ಹಾರ್ಮೋನಿಯಂ ಅವರದು, ಯಾವ ವಾರ ಯಾರ ಮನೆ ಎನ್ನುವ ತೀರ್ಮಾನವೂ ಅವರದು. ಅವರ ಮನೆಗೂ ನಮಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಮರುದಿನ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯ ಮೇಲೆ ಅವರ ಮುಖ ಮೂಡಿತು.

"ಏ ಹುಡುಗಿ, ನಿಮ್ಮತ್ತೆ ಮಲಗಿದಾರಾ?"

"ಹೂಂ ಆಂಟಿ."

"ತಗೋ." ಕೈಯಲ್ಲಿ ಕೋಡುಬಳೆ, ಇನ್ನೂ ಬಿಸಿ. "ಇಲ್ಲೇ ತಿನ್ನು. ಒಳಗೆ ತಗೊಂಡು ಹೋಗ್ಬೇಡ."

"ಯಾಕೆ ಆಂಟಿ?"

"ಕೇಳ್ಬೇಡ. ತಿನ್ನು."

ತಿಂದೆ. ಮರುದಿನ ಗೋಡೆಯ ಮೇಲೆ ಚಕ್ಕುಲಿ ಬಂತು, ಅದರ ಮರುದಿನ ಒಬ್ಬಟ್ಟು. ಅವರು ನನ್ನ ಮುಂಗೈ ಹಿಡಿದು ಬಳೆ ಎಷ್ಟು ಸಡಿಲವಾಗಿದೆಯೆಂದು ತಿರುಗಿಸಿ ನೋಡಿದಾಗ ನನಗೆ ವಿಷಯ ಹೊಳೆಯಿತು.

"ಆಂಟಿ, ನಾನು ಮನೇಲಿ ಚೆನ್ನಾಗಿ ತಿಂತೀನಿ."

ಅವರ ಕಣ್ಣು ತುಂಬಿತು. "ಎಂಥಾ ಒಳ್ಳೇ ಹುಡುಗಿಯಮ್ಮ ನೀನು. ಒಂದು ಮಾತು ಬಿಟ್ಟುಕೊಡಲ್ಲ."

ನಾನು ಇನ್ನೊಂದು ಒಬ್ಬಟ್ಟು ತೆಗೆದುಕೊಂಡೆ.

ಅತ್ತೆಗೆ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಮಲಗಿದ್ದರೂ ಬೇರೆ ಮನೆಯ ಎಣ್ಣೆಯ ವಾಸನೆ ಅವರಿಗೆ ಗೊತ್ತಾಗುತ್ತಿತ್ತು. "ಏನೇ ಅದು ಬಾಯಲ್ಲಿ?" ಎಂದರು. ಕೋಡುಬಳೆ ಎಂದೆ. ಯಾರದ್ದು ಎಂದರು. ಎಲ್ಲ ಹೇಳಿದೆ. ಅವರು ನಡುಮನೆಯ ಹೊಸ್ತಿಲ ಪಕ್ಕದಲ್ಲಿ ಕುಳಿತುಬಿಟ್ಟರು.

"ನಾನು ನಿನ್ನ ಉಪವಾಸ ಕೆಡವ್ತಾ ಇದ್ದೀನಂತಾ?"

"ಹಾಗಂತ ಬಾಯಿಬಿಟ್ಟು ಅಂದಿಲ್ಲ ಅತ್ತೆ."

"ಕೋಡುಬಳೇಲಿ ಅಂದಿದಾರೆ." ಆಮೇಲೆ ನನ್ನ ಸೆರಗಿನ ಕಡೆ ನೋಡಿ, "ಇನ್ನೊಂದಿದ್ಯಾ?" ಎಂದರು. ಸೆರಗಿನಿಂದ ತೆಗೆದುಕೊಟ್ಟೆ. ಮುರಿದು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದರು. "ಎಣ್ಣೆ ಕಾದಿಲ್ಲ," ಎಂದರು.

ಅಲ್ಲಿಗೇ ನಿಂತಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಆ ವಾರ ಭಜನೆಯ ಸರದಿ ನಮ್ಮ ಮನೆಯದಾಗಿತ್ತು. ಅತ್ತೆ ಆ ಬೀದಿಗೆ ಬಂದಾಗಿನಿಂದ ಕಾಯುತ್ತಿದ್ದ ಸರದಿ. ಜಮಖಾನ ಒಗೆದು ಒಣಗಿಸಿದ್ದರು. ಬೇರೆಯವರ ಮನೆಯ ಭಜನೆಗೆ ಹೋಗಿ ಅವರ ಉಪ್ಪಿಟ್ಟನ್ನು ತಿಂದು ಬಂದಾಗಲೆಲ್ಲ, ನಮ್ಮನೆಗೆ ಬರಲಿ, ತಿಂಡಿ ಅಂದ್ರೆ ಏನು ಅಂತ ತೋರಿಸ್ತೀನಿ ಎನ್ನುತ್ತಿದ್ದರು. ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ತುಂಬ ಮೃದುವಾಗಿ ಹೇಳಿದರು: "ಈ ಸಲ ನಿಮ್ಮನೇಲಿ ಬೇಡ ಬಿಡಿ. ಸುಮ್ನೆ ನಿಮಗೆ ತಾಪತ್ರಯ. ಮುಂದೆ ಯಾವಾಗಲಾದ್ರೂ ನೋಡೋಣ." ಸರದಿ ಮುಂದಿನ ಮನೆಗೆ ಹೋಯಿತು.

ಆ ಮಧ್ಯಾಹ್ನ ಅತ್ತೆ ಹೀರೇಕಾಯಿ ಹೆರೆದರು. ಸಿಪ್ಪೆಯನ್ನು ನೋಡದೆಯೇ ಬಕೆಟ್ಟಿಗೆ ಹಾಕಿದರು. ನಾನು ಹೆದರಿದೆ. ಅವರು ಅತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಹುಳಿಗೆ ಉಪ್ಪಿಲ್ಲ, ಅನ್ನ ಮುದ್ದೆ. ಸಂಜೆ ಬಂದ ಹಾಲಿನಮ್ಮ ಮಾತ್ರ ಬಕೆಟ್ ನೋಡಿ ಖುಷಿಯಾದಳು. "ಇವತ್ತು ಭರ್ಜರಿ ಅಡಿಗೆ ಆಗೈತೆ," ಎಂದು ಬೀದಿಗೆ ಕೇಳುವಂತೆ ಹೇಳಿದಳು.

ಇದರಿಂದ ನನಗೊಂದು ಉಪಾಯ ಹೊಳೆಯಿತು. ಬೀದಿಗೆ ಬೇಕಾದದ್ದು ಬಕೆಟ್ಟಿನಲ್ಲಿ ಸಿಪ್ಪೆ, ಅಷ್ಟೇ ತಾನೇ. ಬೇರೆಯವರ ಸಿಪ್ಪೆಯಾದರೇನು. ಮುಖ್ಯರಸ್ತೆಯ ಹೋಟೆಲಿನ ಹಿಂಬಾಗಿಲಿಗೆ ಹೋಗಿ, ಮನೆಯಲ್ಲಿ ಹಸು ಇದೆ ಎಂದು ಅಡಿಗೆಯವನಿಗೆ ಹೇಳಿ ಚೀಲದ ತುಂಬ ಹೂಕೋಸಿನ ಎಲೆ, ದಂಟು ತಂದೆ. ಹಿತ್ತಿಲಲ್ಲಿ ಇಳಿಸಿ ಕೈ ತೊಳೆದು ಬರುವುದರೊಳಗೆ ಅತ್ತೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ದಂಟನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದರು.

"ಅತ್ತೆ, ಅದು ಬಕೆಟ್ಟಿಗೆ."

"ಎಳೇದು ಕಣೇ. ನೋಡು, ಬೆಣ್ಣೆ."

ಹುಳಿ ಅದ್ಭುತವಾಗಿತ್ತು. ಬಕೆಟ್ಟಿನಲ್ಲಿ ತಳ ಕಾಣುತ್ತಿತ್ತು.

ಆಮೇಲೆ ಅತ್ತೆ ತಾವೇ ಒಂದು ಉಪಾಯ ಹೂಡಿದರು. ನನ್ನನ್ನು ಕರೆದುಕೊಂಡು ನೇರವಾಗಿ ಪಕ್ಕದ ಮನೆಗೆ ಹೋದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಹೇಳು," ಎಂದರು.

"ಆಂಟಿ, ನಾನು ಚೆನ್ನಾಗಿ ತಿಂತೀನಿ," ಎಂದೆ.

ಪಕ್ಕದ ಮನೆಯವರು ನನ್ನ ಹೆಗಲ ಮೇಲಿದ್ದ ಕೈಯನ್ನು ನೋಡಿದರು. ಅವರ ಸ್ಥಾನದಲ್ಲಿ ನಾನಿದ್ದಿದ್ದರೆ ಪೊಲೀಸರನ್ನು ಕರೆಯುತ್ತಿದ್ದೆ. ಅತ್ತೆಗೂ ಅದು ತಿಳಿದಿರಬೇಕು. ಕೈ ತೆಗೆದು ಸೆರಗು ಬಿಗಿದು, "ಬರೋ ಶುಕ್ರವಾರ ಭಜನೆ ನಮ್ಮನೇಲಿ," ಎಂದರು. "ಸರದಿ ಯಾರದಾದ್ರೂ ಇರಲಿ. ಎಲ್ಲರಿಗೂ ಹೊಟ್ಟೆ ತುಂಬ ತಿಂಡಿ. ತಾಪತ್ರಯ ನನಗಿರಲಿ, ನೀವು ಹಾರ್ಮೋನಿಯಂ ತನ್ನಿ."

ಮನೆಗೆ ಬಂದ ಮೇಲೆ ನಾನು ಒಂದೇ ಒಂದು ಷರತ್ತು ಹಾಕಿದೆ. "ಅತ್ತೆ, ಆ ಒಂದು ದಿನ ಸಿಪ್ಪೆ ಮುಟ್ಟಬಾರದು. ಭಜನೆ ಮುಗಿದು ಎಲ್ಲರೂ ಹೊರಡೋ ಹೊತ್ತಿಗೆ ಹಸು ಬರುತ್ತೆ. ಅವರ ಕಣ್ಣೆದುರಿಗೇ ಅದು ತುಂಬಿದ ಬಕೆಟ್ಟಿಗೆ ಬಾಯಿ ಹಾಕ್ಬೇಕು. ಅಲ್ಲಿಗೆ ಮುಗೀತು."

"ಪೂರ್ತಿ ಸಿಪ್ಪೇನಾ?"

"ಪೂರ್ತಿ."

ಇಂಜೆಕ್ಷನ್‌ಗೆ ತೋಳು ಕೊಡುವವರಂತೆ ಒಪ್ಪಿದರು.

ಶುಕ್ರವಾರ ಉಪ್ಪಿಟ್ಟು, ತೆಂಗಿನಕಾಯಿ ಚಟ್ನಿ, ಹೀರೇಕಾಯಿ ಬಜ್ಜಿ, ಬಾಳೆಕಾಯಿ ಬಜ್ಜಿ. ಅಂಥ ಅಡಿಗೆಯನ್ನು ಯಾರು ಬೇಕಾದರೂ ಮಾಡಬಹುದು ಎಂದು ಅತ್ತೆ ಬೆಳಿಗ್ಗೆಯಿಂದ ಗೊಣಗುತ್ತಿದ್ದರು. ಹೆರೆದ ಸಿಪ್ಪೆಯನ್ನೆಲ್ಲ ತೊಳೆದು ದೊಡ್ಡ ಬೋಗುಣಿಯಲ್ಲಿ ತುಂಬಿಟ್ಟರು. ಹಸುವಿಗೆ ಹಾಕುವುದನ್ನು ತೊಳೆಯುವುದೇಕೆ ಎಂದು ಆಗಲೇ ನಾನು ಕೇಳಬೇಕಾಗಿತ್ತು. ಹೀರೇಕಾಯಿಯದು ಹಸಿರು, ಬಾಳೆಕಾಯಿಯದು ಅದಕ್ಕಿಂತ ಕಡು. ಬೋಗುಣಿ ಗೋಪುರದಂತಿತ್ತು. ಬೀದಿಯಲ್ಲಿ ಅಂಥ ಬಕೆಟ್ ಯಾರೂ ಇಟ್ಟಿರಲಾರರು.

ಹೆಂಗಸರು ಬಂದರು. ನಾವೆಣಿಸಿದ್ದಕ್ಕಿಂತ ಬಹಳ ಹೆಚ್ಚು ಬಂದರು. ಭಜನೆಗೆ ಎಂದೂ ಬರದವರು, ಹಿಂದಿನ ಬೀದಿಯವರು, ಮಹಾಲಕ್ಷ್ಮಿ ಲೇಔಟಿನಿಂದ ಯಾರದೋ ನಾದಿನಿ. ಉಪವಾಸದ ಸೊಸೆಯನ್ನು ನೋಡಲು. ನಾನು ಕಾಫಿ ಕೊಡುತ್ತ ಹೋದಂತೆ ಎಲ್ಲರೂ ನನ್ನ ಮುಖಕ್ಕಿಂತ ಮೊದಲು ಮುಂಗೈ ನೋಡುತ್ತಿದ್ದರು. ಅಷ್ಟರಲ್ಲಾಗಲೇ ಗೋಡೆಯ ಮೇಲಿನ ಒಬ್ಬಟ್ಟುಗಳಿಂದ ನಾನು ಸ್ವಲ್ಪ ದುಂಡಗಾಗಿದ್ದೆ. ಅದರ ಹೆಮ್ಮೆ ಪಕ್ಕದ ಮನೆಯವರ ಮುಖದಲ್ಲಿತ್ತು.

ಹಾರ್ಮೋನಿಯಂ ಎದ್ದಿತು. ಹಾಡಿನ ನಡುವೆ ಎಲ್ಲಿಂದಲೋ ಒರಳುಕಲ್ಲಿನ ಗುಡುಗುಡು ಕೇಳಿಸಿತು. ತಾಳಕ್ಕೆ ಸರಿಯಾಗಿ ಬರುತ್ತಿದ್ದುದರಿಂದ ಯಾರೂ ಗಮನಿಸಲಿಲ್ಲ.

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ನಾನು ಕಾಫಿಲೋಟಗಳ ನಡುವೆ ನಡುಮನೆಯಲ್ಲಿದ್ದೆ, ರುಬ್ಬಿದವರು ಅತ್ತೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ. "ಚಟ್ನಿ ಸಾಲಲ್ಲ ಅತ್ತೆ ಅಂತ ಓಡಿ ಬಂದೋಳು ನೀನು. ರುಬ್ಬಿದೋಳೂ ನೀನೇ. ನಾನು ತಾಳ ಹಾಕ್ತಾ ಮುಂದೆ ಕೂತಿದ್ದೆ," ಎನ್ನುತ್ತಿದ್ದರು. ಅವರು ತಾಳ ಹಾಕುತ್ತಿದ್ದ ಚಿತ್ರವೂ ನನ್ನ ಕಣ್ಣಮುಂದೆ ಇದೆ, ಅದೇ ತೊಂದರೆ. ಆ ದಿನ ಮನೆಯಲ್ಲೇ ಇರದ ನನ್ನ ಗಂಡನಿಗೆ ಮಾತ್ರ ಎಲ್ಲವೂ ವಿವರವಾಗಿ ನೆನಪಿದೆ.

ಯಾರ ಕೈಯಾದರೂ ಇರಲಿ, ತೆಂಗಿನಕಾಯಿ ಚಟ್ನಿ ಮುಗಿದ ಜಾಗದಲ್ಲಿ ಹಸಿರು ಚಟ್ನಿ ಬಂತು. ಅದರ ಬೆನ್ನಿಗೆ ಸಾಸಿವೆ ಒಗ್ಗರಣೆಯ ಒಂದು ಪಲ್ಯವೂ ಬಂತು.

"ಇದೇನ್ರೀ ಎರಡನೇ ಚಟ್ನಿ?" ಪಕ್ಕದ ಮನೆಯವರು ಬೆರಳು ನೆಕ್ಕಿದರು. "ಮೊದಲನೇದಕ್ಕಿಂತ ಇದೇ ಚೆನ್ನಾಗಿದೆ. ಇನ್ನೊಂಚೂರು ಹಾಕಿ."

ಅತ್ತೆ ಹಾಕಿದರು. ಹಿಂದಿನ ಬೀದಿಯವರಿಗೂ ಹಾಕಿದರು. ಆ ಮುಖ ನಾನು ಮರೆಯುವಂತಿಲ್ಲ. ಬೆಳಗಿನ ಗೊಣಗಾಟವೆಲ್ಲ ಹೋಗಿ ಹೊಸ ಮದುವಣಗಿತ್ತಿ ಅವರೇ ಎನ್ನುವಂತಿದ್ದರು. ನಾನು ಅಡಿಗೆಮನೆಗೆ ಓಡಿದೆ. ಬೋಗುಣಿ ತೊಳೆದು ಬೋರಲು ಹಾಕಿತ್ತು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಬೀದಿಯ ತುದಿಯಲ್ಲಿ ಹಸುವಿನ ಗಂಟೆ ಕೇಳಿಸಿತು.

ಹೆಂಗಸರು ಎಲೆ ಅಡಿಕೆ, ಕುಂಕುಮ ತೆಗೆದುಕೊಂಡು ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತಿದ್ದರು. ಹಾಲಿನಮ್ಮ ಅಷ್ಟು ಚಪ್ಪಲಿಗಳನ್ನು ನೋಡಿಯೇ ಅರಳಿದಳು. "ಇವತ್ತು ನಿನಗೆ ಹಬ್ಬ ಕಣೇ," ಎಂದು ಹಸುವಿನ ಬೆನ್ನು ತಟ್ಟಿದಳು. ಹಸು ಬಕೆಟ್ಟಿಗೆ ಮೂತಿ ಹಾಕಿತು. ಹೀರಿತು. ತಳದಲ್ಲಿ ನಾಲಿಗೆಯಾಡಿಸಿತು. ತಲೆಯೆತ್ತಿತು.

"ಏನ್ ಅಮ್ಮಾವ್ರೆ ಇದು," ಎಂದಳು ಹಾಲಿನಮ್ಮ. "ಇಷ್ಟೊಂದು ಜನ ಉಂಡವ್ರೆ. ಒಂದು ಸಿಪ್ಪೆ ಇಲ್ವಲ್ಲ. ಎಲ್ಲೋಯ್ತು?"

ಚಪ್ಪಲಿಯ ಸದ್ದು ನಿಂತಿತು. ಎಲ್ಲರೂ ಬಕೆಟ್ಟಿನ ತಳವನ್ನು ನೋಡಿದರು. ಬಜ್ಜಿ ಹೀರೇಕಾಯಿಯದು ಎಂದು ಎಲ್ಲರಿಗೂ ಗೊತ್ತಿತ್ತು. ಹೀರೇಕಾಯಿಗೆ ಸಿಪ್ಪೆ ಇರುತ್ತದೆ ಎಂದೂ ಗೊತ್ತಿತ್ತು. ನಿಧಾನವಾಗಿ, ಒಬ್ಬೊಬ್ಬರಾಗಿ, ಅವರ ಕೈಗಳು ತಮ್ಮ ತಮ್ಮ ಹೊಟ್ಟೆಯ ಮೇಲೆ ಹೋದವು.

"ಹಾಗಾದ್ರೆ ನಾವು ತಿಂದದ್ದು..." ಎಂದರು ಪಕ್ಕದ ಮನೆಯವರು.

"ಹಸು ದಿನಾ ತಿನ್ನೋದನ್ನೇ," ಎಂದರು ಅತ್ತೆ. "ಅದಕ್ಕೇನಾದ್ರೂ ಆಗಿದ್ಯಾ, ನೋಡಿ. ಹೆಂಗೆ ಮಿರಮಿರ ಅಂತಿದೆ."

"ಅಂದ್ರೆ ನಿಮ್ಮ ಬಕೆಟ್ ದಿನಾ..."

"ದಿನಾ ನನ್ನ ಸೊಸೆ ಹೊಟ್ಟೇಲಿರುತ್ತೆ. ಬೇಕಾದ್ರೆ ಅವಳನ್ನೇ ಕೇಳಿ. ನಾನು ಹೆಗಲ ಮೇಲೆ ಕೈ ಇಟ್ಟಿಲ್ಲ."

ಯಾರೂ ನನ್ನನ್ನು ಕೇಳಲಿಲ್ಲ. ಕೇಳಬೇಕಾದದ್ದನ್ನು ಅವರ ನಾಲಿಗೆಯೇ ಆಗ ಹೇಳುತ್ತಿತ್ತು. ಪಕ್ಕದ ಮನೆಯವರು ಹಾರ್ಮೋನಿಯಂ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಕೋಪ ಬರಬೇಕೋ ಬೇಡವೋ ಎಂದು ಯೋಚಿಸುತ್ತಿರುವುದು ಕಾಣುತ್ತಿತ್ತು. ಕೊನೆಗೆ, "ಉಪ್ಪು ಒಂಚೂರು ಕಮ್ಮಿ ಇತ್ತು," ಎಂದು ಹೇಳಿ ಗೇಟು ದಾಟಿದರು.

"ಪಾಪದ್ದು, ಇದರ ಪಾಲೂ ನೀವೇ ಉಂಡ್ರಾ?" ಎಂದಳು ಹಾಲಿನಮ್ಮ, ಹಸುವಿನ ಕತ್ತು ತಬ್ಬಿಕೊಂಡು. ಅವತ್ತು ಹಸು ಕಾಲು ಝಾಡಿಸಿತು, ನಮಗೆ ಹಾಲು ಕಡಿಮೆಯಾಯಿತು. ಗಂಡ ಸಂಜೆ ಬಂದು ಕಾಫಿ ತಿಳಿಯಾಗಿದೆ ಎಂದರು. ಅತ್ತೆ, "ಬಾಯಿ ಮುಚ್ಚಿಕೊಂಡು ಕುಡಿ," ಎಂದರು, ಬಹಳ ಪ್ರೀತಿಯಿಂದ.

ಸೊಸೆಯನ್ನು ಉಪವಾಸ ಕೆಡವುವವಳು ಎಂಬ ಮಾತು ಅಂದಿಗೆ ಮುಗಿದು, ದನದ ಮೇವು ತಿನ್ನುವ ಮನೆ ಎಂಬ ಮಾತು ಹುಟ್ಟಿತು. ಅತ್ತೆ ಅದನ್ನು ಕೇಳಿ ನಕ್ಕರು. ಆಮೇಲೆ ಇಡೀ ಬೀದಿಯ ಬಕೆಟ್ಟುಗಳು ಖಾಲಿಯಾದವು ಎಂದು ನಾನು ಕೆಲವು ಕಡೆ ಹೇಳಿದ್ದುಂಟು. ಅದು ಸುಳ್ಳಿರಬೇಕು. ಬೀದಿಗಳು ಹಾಗೆಲ್ಲ ಒಟ್ಟಿಗೆ ಬದಲಾಗುವುದಿಲ್ಲ, ಮತ್ತು ಆ ಹಸು ಬಡವಾದದ್ದನ್ನು ನಾನು ನೋಡಲಿಲ್ಲ.

ನಷ್ಟ ನನಗಾಯಿತು. ಗೋಡೆಯ ಮೇಲೆ ಏನೂ ಬರಲಿಲ್ಲ. ನಾನು ಮಧ್ಯಾಹ್ನ ಬೇಕೆಂದೇ ಬಟ್ಟೆಗಳನ್ನು ಎರಡೆರಡು ಸಲ ಕೊಡವಿ ಹರಡಿದೆ, ಕೆಮ್ಮಿದೆ, ಬಳೆ ಸದ್ದು ಮಾಡಿದೆ. ಮುಂದಿನ ವಾರದ ನಡುವೆ ಒಂದು ದಿನ ಕೊನೆಗೂ ಆ ಮುಖ ಮೂಡಿತು.

"ಏ ಹುಡುಗಿ, ನಿಮ್ಮತ್ತೆ ಮಲಗಿದಾರಾ?"

"ಹೂಂ ಆಂಟಿ," ಎಂದು ಎರಡೂ ಕೈ ಚಾಚಿದೆ.

ಕೈಗೆ ಪೇಪರಿನ ಪೊಟ್ಟಣ ಬಂತು. ಬಿಸಿಯಿರಲಿಲ್ಲ, ತಣ್ಣಗೆ ಒದ್ದೆಯಾಗಿತ್ತು. ಬಿಚ್ಚಿದೆ. ಹೀರೇಕಾಯಿ ಸಿಪ್ಪೆ.

"ಎಬ್ಬಿಸು ಅವರನ್ನ," ಎಂದರು, ದನಿ ತಗ್ಗಿಸಿ, ಬೀದಿಯ ಕಡೆ ಒಂದು ಸಲ ನೋಡಿ. "ರುಬ್ಬಿದ ಮೇಲೆ ಅರ್ಧ ಇತ್ಲಾಗೆ ಕೊಡು. ಉಪ್ಪು ನಾನು ಹಾಕ್ಕೋತೀನಿ."